ಕಾಲಿನ ಮೂಳೆಯ ತುಂಡೇ ಹೋದಾಗ: ಖಾಲಿ ಜಾಗ ತುಂಬಿಸುವ ಚಿಕಿತ್ಸೆ, ಹಂತ ಹಂತವಾಗಿ

ಮೂಳೆ ಮುರಿಯುವುದು ಬೇರೆ, ಮೂಳೆಯ ಒಂದು ತುಂಡೇ ಇಲ್ಲವಾಗುವುದು ಬೇರೆ. ಮುರಿದ ತುದಿಗಳನ್ನು ಹತ್ತಿರ ತಂದು ಅಲುಗದಂತೆ ಹಿಡಿದಿಟ್ಟರೆ ದೇಹವೇ ಅವನ್ನು ಬೆಸೆಯುತ್ತದೆ. ನಡುವೆ ನಾಲ್ಕೋ ಆರೋ ಸೆಂಟಿಮೀಟರ್ ಮೂಳೆಯೇ ಇಲ್ಲದಿದ್ದರೆ ಎಷ್ಟು ತಿಂಗಳು ಮಲಗಿದರೂ ಅಲ್ಲಿ ಮೂಳೆ ಬರುವುದಿಲ್ಲ. ನಾರಿನಂಥ ಮೆದು ಅಂಗಾಂಶ ಬಂದು ಆ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ. ಮೂಳೆಯ ಸುತ್ತಳತೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿ, ಉದ್ದದಲ್ಲಿ 2 ಸೆಂ.ಮೀ.ಗಿಂತ ಹೆಚ್ಚು ಅಂತರ ಬಿದ್ದಿದ್ದರೆ ಅದು ತಾನಾಗಿ ತುಂಬುವುದಿಲ್ಲವೆಂದು ಸಾಮಾನ್ಯವಾಗಿ ಲೆಕ್ಕ.

ಇದು ಹೆಚ್ಚಾಗಿ ಆಗುವುದು ಮೊಣಕಾಲಿನ ಕೆಳಗಿನ ದಪ್ಪ ಮೂಳೆಯಾದ ಟಿಬಿಯಾದಲ್ಲಿ. ಕಾಲಿನ ಮುಂಭಾಗದಲ್ಲಿ ಕೈಯಾಡಿಸಿ ನೋಡಿ: ಚರ್ಮದ ಕೆಳಗೇ ಮೂಳೆ ಸಿಗುತ್ತದೆ, ನಡುವೆ ಮಾಂಸವಿಲ್ಲ. ಜೋರಾದ ಪೆಟ್ಟಿಗೆ ಚರ್ಮ ಹರಿದು ಮೂಳೆ ಹೊರಗೆ ಬರುವುದೂ, ಚೂರುಗಳು ರಕ್ತ ಸಂಚಾರ ಕಳೆದುಕೊಂಡು ಸಾಯುವುದೂ ಅದಕ್ಕೇ.

ಮನೆಯವರು ಆಸ್ಪತ್ರೆಯಲ್ಲಿ ಮೊದಲು ಕೇಳುವ ಪ್ರಶ್ನೆ, "ಮೂಳೆ ಯಾವಾಗ ಹಾಕ್ತೀರಿ ಡಾಕ್ಟ್ರೇ?" ಅದಕ್ಕೂ ಮೊದಲು ಕೇಳಬೇಕಾದ್ದು, ಆ ಜಾಗ ಮೂಳೆಯನ್ನು ಹಿಡಿದುಕೊಳ್ಳಲು ತಯಾರಾಗಿದೆಯೇ ಎಂದು. ಈ ಚಿಕಿತ್ಸೆ ಸೋಲುವುದು ಬಹುಮಟ್ಟಿಗೆ ಅಲ್ಲೇ.

ಹಂತ 1: ಮೊದಲ ವಾರ

ಗಾಯವಾದ ಕೂಡಲೇ, ಸಾಧ್ಯವಾದರೆ ಒಂದು ಗಂಟೆಯೊಳಗೆ, ರಕ್ತನಾಳಕ್ಕೆ ಆಂಟಿಬಯೋಟಿಕ್ ಇಂಜೆಕ್ಷನ್ ಹೋಗಬೇಕು. ಟಿಟನಸ್ ಇಂಜೆಕ್ಷನ್ ಕೂಡ. ನಂತರ ಆಪರೇಷನ್ ಥಿಯೇಟರಿನಲ್ಲಿ ಲೀಟರುಗಟ್ಟಲೆ ಸಲೈನ್‌ನಿಂದ ಗಾಯ ತೊಳೆದು, ಸತ್ತ ಚರ್ಮ, ಸತ್ತ ಸ್ನಾಯು, ಯಾವುದಕ್ಕೂ ಅಂಟಿಕೊಳ್ಳದೆ ಬಿಡಿಯಾಗಿ ಬಿದ್ದ ಮೂಳೆ ಚೂರುಗಳನ್ನು ತೆಗೆಯುತ್ತಾರೆ. ಅಂತರ ದೊಡ್ಡದಾಗುವುದು ಹಲವು ಸಲ ಇಲ್ಲಿಯೇ. "ಡಾಕ್ಟರು ಮೂಳೆ ತೆಗೆದುಬಿಟ್ಟರು" ಎಂದು ಮನೆಯವರು ನೊಂದುಕೊಳ್ಳುವುದುಂಟು. ರಕ್ತವಿಲ್ಲದ ಚೂರನ್ನು ಒಳಗೆ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದರ ಮೇಲೆ ಲೋಳೆಯ ಪದರ ಕಟ್ಟಿಕೊಂಡು ಕೂರುತ್ತವೆ. ಆ ಪದರದೊಳಗೆ ಯಾವ ಆಂಟಿಬಯೋಟಿಕ್ಕೂ ಸರಿಯಾಗಿ ಇಳಿಯುವುದಿಲ್ಲ. ಆರು ತಿಂಗಳ ಮೇಲೆ ಕೀವು ಸುರಿಯತೊಡಗಿದರೆ ಅದೇ ಚೂರನ್ನು, ಜೊತೆಗೆ ಇನ್ನಷ್ಟು ಮೂಳೆಯನ್ನು ತೆಗೆಯಬೇಕಾಗುತ್ತದೆ.

ಎಲ್ಲಿಯವರೆಗೆ ತೆಗೆಯುವುದು ಎಂಬುದಕ್ಕೆ ಕಣ್ಣಿಗೆ ಕಾಣುವ ಗುರುತಿದೆ. ಉಳಿಯಾಡಿಸಿದಾಗ ಬಿಳಿಯಾಗಿ, ಒಣಗಿದಂತೆ ಕಾಣುವ ಮೂಳೆ ಸತ್ತದ್ದು. ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕೆಗಳಾಗಿ ರಕ್ತ ಜಿನುಗಿದರೆ ಅದು ಬದುಕಿದ ಮೂಳೆ, ಅಲ್ಲಿಗೆ ಉಳಿ ನಿಲ್ಲಬೇಕು.

ಕಾಲನ್ನು ತಾತ್ಕಾಲಿಕವಾಗಿ ಹೊರಗಿನ ರಾಡುಗಳಿಂದ ಹಿಡಿದಿಡುತ್ತಾರೆ. ಮೂಳೆ ತೆರೆದೇ ಇದ್ದರೆ ಪ್ಲಾಸ್ಟಿಕ್ ಸರ್ಜನ್ ಫ್ಲ್ಯಾಪ್‌ನಿಂದ, ಅಂದರೆ ರಕ್ತನಾಳ ಸಮೇತವಾದ ಸ್ನಾಯು ಅಥವಾ ಚರ್ಮದಿಂದ ಮುಚ್ಚುತ್ತಾರೆ. ಮೊಣಕಾಲಿನ ಹತ್ತಿರದ ಗಾಯಕ್ಕೆ ಮೀನಖಂಡದ ಮೇಲಿನ ಸ್ನಾಯು ಸಾಕಾಗುತ್ತದೆ, ನಡುಭಾಗಕ್ಕೆ ಅದರಡಿಯ ಸೋಲಿಯಸ್. ಕೆಳಗಿನ ಮೂರನೇ ಒಂದು ಭಾಗಕ್ಕೆ ಹತ್ತಿರದಲ್ಲಿ ಮಾಂಸವೇ ಇಲ್ಲದ್ದರಿಂದ ಬಹಳ ಸಲ ದೇಹದ ಬೇರೆಡೆಯಿಂದ ತಂದು, ಸೂಕ್ಷ್ಮದರ್ಶಕದಡಿ ರಕ್ತನಾಳ ಜೋಡಿಸಬೇಕಾಗುತ್ತದೆ. ಇದು ಒಂದು ವಾರದೊಳಗೆ ಮುಗಿದರೆ ಒಳ್ಳೆಯದು. ಆ ಸೌಲಭ್ಯ ಇಲ್ಲದ ಕಡೆ ಇದ್ದರೆ ವರ್ಗಾವಣೆಯ ಮಾತನ್ನು ಎರಡನೇ ದಿನವೇ ಎತ್ತಿ, ಎರಡನೇ ವಾರಕ್ಕೆ ಬಿಡಬೇಡಿ.

ಹಂತ 2: ಕಾಲು ಉಳಿಸುವುದೇ, ಬೇಡವೇ

ಈ ಮಾತು ಕಷ್ಟದ್ದು, ಆದರೂ ಆಡಲೇಬೇಕು. ಅಮೆರಿಕದ 8 ದೊಡ್ಡ ಅಪಘಾತ ಚಿಕಿತ್ಸಾ ಕೇಂದ್ರಗಳಲ್ಲಿ 569 ರೋಗಿಗಳನ್ನು ಹಿಂಬಾಲಿಸಿದ ಲೀಪ್ ಅಧ್ಯಯನದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಎರಡು ವರ್ಷದ ಕೊನೆಗೆ ಕಾಲು ಉಳಿಸಿಕೊಂಡವರಿಗೂ ಕಾಲು ತೆಗೆಸಿಕೊಂಡವರಿಗೂ ದಿನನಿತ್ಯದ ಓಡಾಟ, ಕೆಲಸದ ಮಟ್ಟದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮತ್ತೆ ಮತ್ತೆ ಆಸ್ಪತ್ರೆ ಸೇರಬೇಕಾದವರು ಮಾತ್ರ ಉಳಿಸಿಕೊಂಡವರಲ್ಲೇ ಹೆಚ್ಚು. ಹಾಗಂತ ಕಾಲು ಉಳಿಸುವುದು ವ್ಯರ್ಥ ಎಂದಲ್ಲ. ಪಾದಕ್ಕೆ ರಕ್ತ ಹರಿಯುತ್ತಿದ್ದು, ಪಾದ ಬಳಸುವಂತಿದ್ದು, ಒಂದು ವರ್ಷದ ಚಿಕಿತ್ಸೆ ತಡೆದುಕೊಳ್ಳುವ ಆರೋಗ್ಯವೂ ಮನೆಯ ಆಸರೆಯೂ ಇದ್ದರೆ ಉಳಿಸುವ ಪ್ರಯತ್ನಕ್ಕೆ ಅರ್ಥವಿದೆ. ಪಾದದಡಿ ಸ್ಪರ್ಶ ತಿಳಿಯುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ದಿನವೇ ಆಸೆ ಬಿಡಬೇಕಾಗಿಲ್ಲ. ಪೆಟ್ಟಿಗೆ ಮರಗಟ್ಟಿದ ನರ ಎಷ್ಟೋ ಸಲ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ.

ಹಂತ 3: ಜಾಗ ಹದಮಾಡುವುದು

ಮೂಳೆ ತುಂಬುವ ಮುನ್ನ ಸೋಂಕು ಇಲ್ಲವೆಂದು ಖಾತ್ರಿಯಾಗಬೇಕು. ಅನುಮಾನವಿದ್ದರೆ ಆಳದ ಅಂಗಾಂಶದಿಂದ ಕನಿಷ್ಠ ಐದು ಕಡೆಯ ಮಾದರಿ ತೆಗೆದು ಕಲ್ಚರ್‌ಗೆ, ಅಂದರೆ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆಗೆ ಕಳಿಸುತ್ತಾರೆ. ಅದಕ್ಕೆ ಸುಮಾರು ಎರಡು ವಾರ ಮೊದಲಿನಿಂದ, ರೋಗಿಯ ಸ್ಥಿತಿ ಬಿಟ್ಟುಕೊಟ್ಟರೆ, ಆಂಟಿಬಯೋಟಿಕ್ ನಿಲ್ಲಿಸಿರಬೇಕು. ಇಲ್ಲದಿದ್ದರೆ ಕ್ರಿಮಿ ಇದ್ದೂ ವರದಿಯಲ್ಲಿ ಏನೂ ಬೆಳೆಯುವುದಿಲ್ಲ. ಗಾಯದ ಮೇಲ್ಭಾಗದ ಕೀವನ್ನು ಹತ್ತಿಯಲ್ಲಿ ಒರೆಸಿ ಕಳಿಸಿದ ವರದಿಯನ್ನು ನಂಬಿ ಔಷಧ ಕೊಡುವುದು ಸರಿಯಲ್ಲ. ಚರ್ಮದ ಮೇಲಿನ ಕ್ರಿಮಿಯೇ ಬೇರೆ, ಮೂಳೆಯೊಳಗಿನದ್ದೇ ಬೇರೆ.

ರೋಗಿಯ ಕೈಯಲ್ಲಿರುವ ಕೆಲಸ ಈಗಲೇ ಶುರು. ಸಿಗರೇಟು, ಬೀಡಿ, ತಂಬಾಕು ಪೂರ್ತಿ ನಿಲ್ಲಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಮುದುಡಿಸುತ್ತದೆ, ಹೊಸ ಮೂಳೆ ಹುಟ್ಟುವುದು ಆ ಸಣ್ಣ ನಾಳಗಳ ಬೆನ್ನಿಗೇ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತನ್ನಿ. ಪ್ರೋಟೀನ್ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಬೇಕು, ಅಂದರೆ 60 ಕಿಲೋ ತೂಗುವವರಿಗೆ 72ರಿಂದ 90 ಗ್ರಾಂ. ಕಿಡ್ನಿ ತೊಂದರೆ ಇರುವವರು ಮಾತ್ರ ಕೇಳಿಯೇ ಹೆಚ್ಚಿಸಬೇಕು. ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳನ್ನು ನೀವಾಗಿಯೇ ತಿಂಗಳುಗಟ್ಟಲೆ ನುಂಗಬೇಡಿ. ಮೂಳೆ ಕೂಡುವುದನ್ನು ಅವು ನಿಧಾನಿಸಬಹುದು.

ಹಂತ 4: ದಾರಿ ಆರಿಸುವುದು

ಕೊರತೆ 2–3 ಸೆಂ.ಮೀ. ಇದ್ದರೆ ತುದಿಗಳನ್ನು ಒಂದಕ್ಕೊಂದು ತಾಗಿಸಿ ಕಾಲನ್ನು ಗಿಡ್ಡ ಮಾಡಿ, ಆಮೇಲೆ ಬೇರೆ ಜಾಗದಲ್ಲಿ ಉದ್ದ ಮಾಡಿಕೊಳ್ಳಬಹುದು. ಟಿಬಿಯಾದಲ್ಲಿ ಒಮ್ಮೆಗೇ 3 ಸೆಂ.ಮೀ.ಗಿಂತ ಹೆಚ್ಚು ಗಿಡ್ಡ ಮಾಡಿದರೆ ರಕ್ತನಾಳ ಮಡಚಿಕೊಳ್ಳುವ ಅಪಾಯವಿದೆ. ಅದಕ್ಕಿಂತ ದೊಡ್ಡ ಅಂತರಕ್ಕೆ ಮುಖ್ಯ ದಾರಿ ಮೂರು: ಪೊರೆ ಕಟ್ಟಿಸಿ ಗ್ರಾಫ್ಟ್ (ಬೇರೆ ಕಡೆಯಿಂದ ತೆಗೆದ ಮೂಳೆಯ ಚೂರು) ತುಂಬುವುದು, ಮೂಳೆಯನ್ನೇ ಸರಿಸುವುದು, ಟಿಬಿಯಾದ ಪಕ್ಕದ ಸಣ್ಣ ಮೂಳೆಯಾದ ಫಿಬುಲಾವನ್ನು ರಕ್ತನಾಳ ಸಮೇತ ತಂದು ಕೂರಿಸುವುದು. ಯಾವುದು ಮೇಲು ಎಂಬ ಜಗಳಕ್ಕಿಂತ, ನಿಮ್ಮ ಸರ್ಜನ್ ಯಾವುದನ್ನು ಹೆಚ್ಚು ಮಾಡಿದ್ದಾರೆ ಎಂಬುದು ಮುಖ್ಯ.

ದಾರಿ ಒಂದು: ಸಿಮೆಂಟ್, ಪೊರೆ, ಗ್ರಾಫ್ಟ್

ಫ್ರಾನ್ಸಿನ ಸರ್ಜನ್ ಮಾಸ್ಕಲೆ 1980ರ ದಶಕದಲ್ಲಿ ಕಂಡುಕೊಂಡ ವಿಧಾನ ಇದು. ಆಪರೇಷನ್ ಎರಡು.

ಮೊದಲನೆಯದರಲ್ಲಿ ಖಾಲಿ ಜಾಗಕ್ಕೆ ಮೂಳೆ ಸಿಮೆಂಟಿನ (ಮೂಳೆ ಆಪರೇಷನ್‌ಗಳಲ್ಲಿ ಬಳಸುವ, ಕಲಸಿದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್‌ನಂಥ ವಸ್ತು) ಉಂಡೆ ಕೂರಿಸುತ್ತಾರೆ. 40 ಗ್ರಾಂ ಸಿಮೆಂಟ್ ಪುಡಿಯ ಪೊಟ್ಟಣಕ್ಕೆ ಕ್ರಿಮಿಗೆ ತಕ್ಕಂತೆ ಆಂಟಿಬಯೋಟಿಕ್ ಪುಡಿ ಬೆರೆಸುತ್ತಾರೆ, ವ್ಯಾಂಕೋಮೈಸಿನ್ ಆದರೆ 1ರಿಂದ 4 ಗ್ರಾಂ. ಸಿಮೆಂಟ್ ಗಟ್ಟಿಯಾಗುವಾಗ ಕಾಯುತ್ತದೆ, ಆದ್ದರಿಂದ ತಣ್ಣನೆ ಸಲೈನ್ ಸುರಿಯುತ್ತಲೇ ಇರಬೇಕು. ಉಂಡೆ ಎರಡೂ ತುದಿಗಳ ಮೇಲೆ ತುಸು ಹೊದ್ದುಕೊಳ್ಳುವಂತಿರಬೇಕು. ಅಂಚಿನಲ್ಲಿ ಕಡಿಮೆಬಿದ್ದರೆ ಮೂಳೆ ಬೆಸೆಯಬೇಕಾದ ಜಾಗದಲ್ಲೇ ಪೊರೆ ಇರುವುದಿಲ್ಲ. ಒಳಗೆ ನೇಲ್ (ಮೂಳೆಯ ಕೊಳವೆಯೊಳಗೆ ತೂರಿಸುವ ಲೋಹದ ಸರಳು) ಅಥವಾ ಪ್ಲೇಟ್ ಹಾಕಿ ಕಾಲನ್ನು ಭದ್ರ ಮಾಡುತ್ತಾರೆ.

ಆರರಿಂದ ಎಂಟು ವಾರದಲ್ಲಿ ದೇಹ ಆ ಸಿಮೆಂಟಿನ ಸುತ್ತ ಸುಮಾರು 1 ಮಿ.ಮೀ. ದಪ್ಪದ ಪೊರೆ ಕಟ್ಟುತ್ತದೆ. ಅದರ ತುಂಬ ರಕ್ತನಾಳ. ಮೂಳೆ ಬೆಳೆಸುವ ಪ್ರೋಟೀನ್‌ಗಳನ್ನು ಅದು ತಾನೇ ಸ್ರವಿಸುತ್ತದೆ. ಎರಡನೇ ಆಪರೇಷನ್‌ನಲ್ಲಿ ಪೊರೆಯನ್ನು ಲಕೋಟೆಯಂತೆ ಉದ್ದಕ್ಕೆ ಸೀಳಿ, ಸಿಮೆಂಟನ್ನು ಉಳಿಯಿಂದ ಒಡೆದು ತೆಗೆದು, ಮೂಳೆಯ ತುದಿಗಳನ್ನು ರಕ್ತ ಬರುವವರೆಗೆ ಕೆರೆದು, ರೋಗಿಯದೇ ಮೂಳೆಯ ಸಣ್ಣ ಚೂರುಗಳನ್ನು ತುಂಬಿ, ಪೊರೆಯನ್ನು ಮತ್ತೆ ಹೊಲಿಯುತ್ತಾರೆ.

ಎಷ್ಟು ಮೂಳೆ ಬೇಕು? ಲೆಕ್ಕ ಸುಲಭ. ಉಂಡೆಯ ಅಡ್ಡಗಲ 3 ಸೆಂ.ಮೀ. ಎಂದಿಟ್ಟುಕೊಂಡರೆ ಪ್ರತಿ ಸೆಂ.ಮೀ. ಉದ್ದಕ್ಕೆ ಸುಮಾರು 7 ಮಿ.ಲೀ. ಗ್ರಾಫ್ಟ್ ಬೇಕು. 6 ಸೆಂ.ಮೀ. ಅಂತರಕ್ಕೆ 42 ಮಿ.ಲೀ. ಸೊಂಟದ ಮೂಳೆಯ ಮುಂಭಾಗದ ಒಂದು ಬದಿಯಿಂದ ಅಷ್ಟು ಸಿಗುವುದು ಕಷ್ಟ. ಹಿಂಭಾಗದಿಂದ ಹೆಚ್ಚು ಸಿಗುತ್ತದೆ. ತೊಡೆ ಮೂಳೆಯ ಕೊಳವೆಯೊಳಗಿಂದ ಮಜ್ಜೆಯ ಮೂಳೆಯನ್ನು ಕೆರೆದು, ಹೀರಿ ತೆಗೆಯುವ ಉಪಕರಣವೂ ಇದೆ. ಸಾಲದೆ ಹೋದರೆ ಮೂಳೆ ಬ್ಯಾಂಕಿನಲ್ಲಿ ಕಾಯ್ದಿಟ್ಟ ಬೇರೆಯವರ ಮೂಳೆ ಬೆರೆಸಬಹುದು, ಆದರೆ ಸ್ವಂತ ಮೂಳೆ ಮೂರು ಪಾಲಿದ್ದರೆ ಅದು ಒಂದು ಪಾಲನ್ನು ಮೀರಬಾರದು. ಈ ಲೆಕ್ಕವನ್ನು ಆಪರೇಷನ್ ಟೇಬಲ್ಲಿನ ಮೇಲಲ್ಲ, ಮೊದಲೇ ಮಾಡಿರಬೇಕು. ಅರ್ಧ ತುಂಬಿದ ಜಾಗದಲ್ಲಿ ಅರ್ಧ ಮೂಳೆಯೇ ಬರುವುದು.

ಈ ದಾರಿಯಲ್ಲಿ ಕೆಡುವುದು ಮುಖ್ಯವಾಗಿ ಎರಡು. ಸೋಂಕು ಉಳಿದಿದ್ದರೆ ತುಂಬಿದ ಗ್ರಾಫ್ಟೆಲ್ಲ ಕರಗಿ ಹೋಗುತ್ತದೆ. ಎರಡನೇ ಆಪರೇಷನ್ ದಿನ ಪೊರೆಯೊಳಗೆ ಕೀವು ಕಂಡರೆ ಗ್ರಾಫ್ಟ್ ತುಂಬದೆ, ತೊಳೆದು ಮತ್ತೆ ಹೊಸ ಸಿಮೆಂಟ್ ಇಟ್ಟು ಮುಚ್ಚಬೇಕು. "ಇವತ್ತು ಮೂಳೆ ಹಾಕಲಿಲ್ಲ" ಎಂದು ಸರ್ಜನ್ ಹೊರಬಂದು ಹೇಳಿದರೆ ಅದು ಸರಿಯಾದ ನಿರ್ಧಾರ ಎಂದು ತಿಳಿಯಿರಿ. ಇನ್ನೊಂದು, ಬೇಗ ಭಾರ ಹಾಕುವುದು. ಗ್ರಾಫ್ಟ್ ಬಿಗಿಯುವ ಮುನ್ನ ಪೂರ್ತಿ ಭಾರ ಬಿದ್ದರೆ ಪ್ಲೇಟ್ ಸುಸ್ತಾಗಿ ಮುರಿಯುತ್ತದೆ. ಮೊದಲ 6ರಿಂದ 12 ವಾರ ಬೆರಳ ತುದಿ ನೆಲಕ್ಕೆ ತಾಗಿಸುವಷ್ಟೇ ಅನುಮತಿ ಇರುವುದು ಸಾಮಾನ್ಯ.

ದಾರಿ ಎರಡು: ಮೂಳೆಯನ್ನೇ ಸರಿಸುವುದು

ಸೈಬೀರಿಯಾದ ಕುರ್ಗಾನ್‌ನಲ್ಲಿ ಇಲಿಜರೋವ್ 1950ರ ದಶಕದಲ್ಲಿ ರೂಪಿಸಿದ ವಿಧಾನ. ಕಾಲಿನ ಸುತ್ತ ಉಕ್ಕಿನ ಇಲ್ಲವೇ ಕಾರ್ಬನ್ ಉಂಗುರಗಳು, ಅವುಗಳಿಂದ ಮೂಳೆಯನ್ನು ಹಾದುಹೋಗುವ 1.8 ಮಿ.ಮೀ. ತಂತಿಗಳು, ಕೆಲವೆಡೆ 5–6 ಮಿ.ಮೀ. ದಪ್ಪದ ಪಿನ್‌ಗಳು. ಅಂತರದಿಂದ ದೂರ, ಮೊಣಕಾಲಿನ ಬಳಿಯ ಆರೋಗ್ಯವಾದ ಮೂಳೆಯಲ್ಲಿ ಡ್ರಿಲ್‌ನಿಂದ ಸಣ್ಣ ತೂತುಗಳ ಸಾಲು ಕೊರೆದು ಉಳಿಯಿಂದ ಮೂಳೆ ಕತ್ತರಿಸುತ್ತಾರೆ. ಗರಗಸ ಬಳಸಿದರೆ ಬಿಸಿಗೆ ಮೂಳೆ ಸುಡುತ್ತದೆ, ಅದಕ್ಕೆ ಉಳಿ. ಹೀಗೆ ಬಿಡಿಸಿದ ತುಂಡನ್ನು ದಿನಕ್ಕೆ 1 ಮಿ.ಮೀ.ನಂತೆ ಖಾಲಿ ಜಾಗದ ಕಡೆಗೆ ಸರಿಸುತ್ತಾ ಹೋದರೆ ಅದರ ಹಿಂದೆ ಹೊಸ ಮೂಳೆ ಹುಟ್ಟುತ್ತಾ ಬರುತ್ತದೆ.

ಅವಧಿಯ ಲೆಕ್ಕ ಹೀಗೆ: ಕತ್ತರಿಸಿದ ಮೇಲೆ 7ರಿಂದ 10 ದಿನ ಸುಮ್ಮನೆ ಬಿಡಬೇಕು. 6 ಸೆಂ.ಮೀ. ಅಂತರಕ್ಕೆ 60 ದಿನ ಸರಿಸುವುದು. ಆಮೇಲೆ ಹೊಸ ಮೂಳೆ ಗಟ್ಟಿಯಾಗಲು ಅದರ ಹಲವು ಪಟ್ಟು ಸಮಯ. ಒಟ್ಟಾರೆ ಪ್ರತಿ ಸೆಂ.ಮೀ.ಗೆ ಒಂದೂವರೆಯಿಂದ ಎರಡು ತಿಂಗಳು ಉಂಗುರ ಇರುತ್ತದೆಂದು ಹಿಡಿಯಿರಿ, ಅಂದರೆ 9ರಿಂದ 12 ತಿಂಗಳು. "ಮೂರು ತಿಂಗಳಲ್ಲಿ ಬಿಚ್ಚಿಬಿಡ್ತಾರೆ" ಎಂದು ಯಾರಾದರೂ ಹೇಳಿದ್ದರೆ ಮರೆತುಬಿಡಿ. ಮೊದಲೇ ಗೊತ್ತಿದ್ದರೆ ಏಳನೇ ತಿಂಗಳಲ್ಲಿ ಮನಸ್ಸು ಕುಸಿಯುವುದು ಸ್ವಲ್ಪ ಕಡಿಮೆ.

ನಟ್ ತಿರುಗಿಸುವುದು ಮನೆಯಲ್ಲಿ ಆಗುವ ಕೆಲಸ, ಇಲ್ಲಿ ತಪ್ಪಬಾರದು. ರಾಡಿನ ಮೇಲಿನ ತಿರುಪಿನ ಗೆರೆಗಳು 1 ಮಿ.ಮೀ. ಅಂತರದವು, ಆದ್ದರಿಂದ ನಟ್ ಪೂರ್ತಿ ಒಂದು ಸುತ್ತು ತಿರುಗಿದರೆ 1 ಮಿ.ಮೀ., ಕಾಲು ಸುತ್ತಿಗೆ 0.25 ಮಿ.ಮೀ. ದಿನಕ್ಕೆ ನಾಲ್ಕು ಸಲ, ಬೆಳಿಗ್ಗೆ 7, ಮಧ್ಯಾಹ್ನ 12, ಸಂಜೆ 5, ರಾತ್ರಿ 10ಕ್ಕೆ ಕಾಲು ಕಾಲು ಸುತ್ತು. ಒಮ್ಮೆಗೇ 1 ಮಿ.ಮೀ. ಎಳೆದರೆ ಆಗಷ್ಟೇ ಹುಟ್ಟಿದ ಸಣ್ಣ ರಕ್ತನಾಳಗಳು ಹರಿಯುತ್ತವೆ. ನಾಲ್ಕು ಪಾಲು ಮಾಡುವುದು ಅದಕ್ಕಾಗಿ.

ಆಸ್ಪತ್ರೆಯಿಂದ ಹೊರಡುವ ಮುನ್ನ ಯಾವ ನಟ್, ಯಾವ ದಿಕ್ಕು ಎಂಬುದನ್ನು ಸರ್ಜನ್ ಮುಂದೆಯೇ ಎರಡು ಸಲ ಮಾಡಿ ತೋರಿಸಿ. ಪ್ರತಿ ರಾಡಿನ ನಟ್ ಮೇಲೆ ಒಂದು ಮುಖಕ್ಕೆ ಉಗುರುಬಣ್ಣದ ಚುಕ್ಕೆ ಇಟ್ಟುಕೊಳ್ಳಿ. ಆ ಚುಕ್ಕೆ ದಿನದ ಕೊನೆಗೆ ಹೊರಟ ಜಾಗಕ್ಕೇ ಮರಳಿರಬೇಕು. ಎರಡು ನಟ್‌ಗಳ ನಡುವೆ ಉಂಗುರ ಸಿಕ್ಕಿದ್ದರೆ ಸರಿಯುವ ಕಡೆಯ ನಟ್ ಸಡಿಲಿಸಿ, ಹಿಂದಿನದನ್ನು ಬಿಗಿಮಾಡಬೇಕು. ಮೂರೋ ನಾಲ್ಕೋ ರಾಡ್ ಇದ್ದರೆ ಎಲ್ಲವನ್ನೂ ಅಷ್ಟಷ್ಟೇ ತಿರುಗಿಸಬೇಕು, ಒಂದು ತಪ್ಪಿದರೂ ಉಂಗುರ ಓರೆಯಾಗಿ ಮೂಳೆ ಓರೆ ಚಲಿಸುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಸಮಯ, ಸಹಿ ಬರೆದಿಡಿ. ಎರಡು ಸಲ ಮರೆತಿದ್ದರೆ ರಾತ್ರಿ ಕೂಡಿಸಿ ತಿರುಗಿಸಬೇಡಿ. ಫೋನ್ ಮಾಡಿ ಕೇಳಿ.

ಶುರುವಿನಲ್ಲಿ ಒಂದೆರಡು ವಾರಕ್ಕೊಮ್ಮೆ ಎಕ್ಸ್-ರೇ ಬೇಕು. ಹೊಸ ಮೂಳೆ ತೆಳ್ಳಗೆ, ಮರಳುಗಡಿಯಾರದ ನಡುವಿನಂತೆ ಕಂಡರೆ ವೇಗವನ್ನು ದಿನಕ್ಕೆ 0.5 ಮಿ.ಮೀ.ಗೆ ಇಳಿಸುತ್ತಾರೆ, ನಿಲ್ಲಿಸಲೂಬಹುದು. ತೀರ ನಿಧಾನವಾದರೆ ಉಲ್ಟಾ ತೊಂದರೆ: ಕತ್ತರಿಸಿದ ಜಾಗ ಅವಧಿಗೆ ಮೊದಲೇ ಬೆಸೆದು ನಟ್ ತಿರುಗದಾಗುತ್ತದೆ, ತಂತಿ ಬಾಗಿ ನೋವು ಏರುತ್ತದೆ.

ತಂತಿ ಚರ್ಮ ಹೊಕ್ಕ ಜಾಗದ ಆರೈಕೆ ಇನ್ನೊಂದು ನಿತ್ಯದ ಚಿಂತೆ. ಸಣ್ಣ ಸೋಂಕು ಹೆಚ್ಚಿನವರಿಗೆ ಒಂದಲ್ಲ ಒಂದು ಸಲ ಆಗಿಯೇ ಆಗುತ್ತದೆ, ಅದಕ್ಕೆ ಎದೆಗುಂದಬೇಕಿಲ್ಲ. ಕೈ ತೊಳೆದು, ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್‌ನಲ್ಲಿ ಅದ್ದಿದ ಗಾಜ್‌ನಿಂದ ಒರೆಸಿ. ಒಂದು ತಂತಿಗೆ ಒಂದು ಗಾಜ್, ಒಂದರಿಂದ ಇನ್ನೊಂದಕ್ಕೆ ಅದೇ ಬೇಡ. ಆಮೇಲೆ ಚರ್ಮ ಮೇಲೆ ಕೆಳಗೆ ಜಗ್ಗದಂತೆ ಡ್ರೆಸ್ಸಿಂಗನ್ನು ತುಸು ಒತ್ತಿ ಕಟ್ಟಿ. ತಂತಿಯ ಬುಡದಲ್ಲಿ ಚರ್ಮ ಅಲುಗಾಡುವುದರಿಂದಲೇ ಅರ್ಧ ಸೋಂಕು ಬರುವುದು. ಒಣಗಿಯೇ ಇದ್ದರೆ ವಾರಕ್ಕೊಮ್ಮೆ ಸಾಕು, ಒದ್ದೆಯಾದರೆ, ಕೊಳೆಯಾದರೆ ಬೇಗ ಬದಲಿಸಿ. ಕೆಂಪು, ಬಿಸಿ, ಹೆಚ್ಚಿದ ನೋವು, ಗಟ್ಟಿ ಸ್ರಾವ ಕಂಡರೆ ಅವತ್ತೇ ತೋರಿಸಿ. ಆಗ ಮಾತ್ರೆಯಲ್ಲಿ ಮುಗಿಯುತ್ತದೆ, ಬಿಟ್ಟರೆ ತಂತಿ ಸಡಿಲಗೊಂಡು ತೆಗೆಯಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ಮರೆಯುವುದು ಪಾದವನ್ನು. ತುಂಡು ಸರಿಯುತ್ತಿರುವಾಗ ಮೀನಖಂಡದ ಸ್ನಾಯು ಬಿಗಿದು ಪಾದವನ್ನು ಕೆಳಕ್ಕೆ ಎಳೆಯುತ್ತದೆ. ಮೂಳೆ ಚೆನ್ನಾಗಿ ಕೂಡಿಯೂ ಹಿಮ್ಮಡಿ ನೆಲಕ್ಕೆ ತಾಗದೆ ಕುಂಟುವವರಿದ್ದಾರೆ. ಮುಂಗಾಲಿಗೆ ಪಟ್ಟಿ ಕಟ್ಟಿ ಉಂಗುರಕ್ಕೆ ಬಿಗಿದು ಪಾದವನ್ನು ನೆಟ್ಟಗಿಡಿ, ಎಚ್ಚರವಾಗಿರುವಾಗ ಗಂಟೆಗೊಮ್ಮೆ ಪಾದವನ್ನು ಮೇಲಕ್ಕೆ ಎಳೆದು ಹತ್ತು ಎಣಿಸುವಷ್ಟು ಹಿಡಿಯಿರಿ. ಮಲಗುವಾಗ ಮೊಣಕಾಲಡಿ ದಿಂಬು ಇಡಬೇಡಿ. ಹಾಯೆನಿಸುತ್ತದೆ ನಿಜ, ಆದರೆ ಮೊಣಕಾಲು ಮಡಚಿದಂತೆಯೇ ನಿಲ್ಲುತ್ತದೆ. ದಿಂಬು ಹಿಮ್ಮಡಿಯಡಿ ಇರಲಿ. ಉಂಗುರ ಹಾಕಿದವರು ಸರ್ಜನ್ ಅನುಮತಿ ಇದ್ದರೆ ವಾಕರ್ ಹಿಡಿದು ಕಾಲ ಮೇಲೆ ಭಾರ ಹಾಕಿ ನಡೆಯಬೇಕು, ಆ ಭಾರವೇ ಹೊಸ ಮೂಳೆಗೆ ಗಟ್ಟಿಯಾಗೆಂದು ಹೇಳುವ ಸಂಕೇತ.

ಸರಿದ ತುಂಡು ಎದುರು ತುದಿಗೆ ಬಂದು ತಾಗಿದಾಗ ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಆದರೆ ಆ ತುದಿ ತಿಂಗಳುಗಟ್ಟಲೆ ಖಾಲಿ ನಿಂತು ನಾರಿನ ಟೋಪಿ ಹಾಕಿಕೊಂಡಿರುತ್ತದೆ. ತಾಗಿಸಿದ ಮಾತ್ರಕ್ಕೆ ಬಹಳ ಸಲ ಬೆಸೆಯುವುದಿಲ್ಲ. ಅಲ್ಲಿ ಸಣ್ಣದಾಗಿ ತೆರೆದು, ನಾರು ತೆಗೆದು, ತುದಿಗಳನ್ನು ಕೆರೆದು, ಸೊಂಟದಿಂದ ಸ್ವಲ್ಪ ಗ್ರಾಫ್ಟ್ ಇಟ್ಟು ಒತ್ತಿ ಹಿಡಿಯಬೇಕಾಗುತ್ತದೆ. ಈ ಆಪರೇಷನ್ ಬೇಕಾಗಬಹುದೆಂದು ಮೊದಲ ದಿನವೇ ಲೆಕ್ಕದಲ್ಲಿಟ್ಟುಕೊಳ್ಳಿ.

ದಾರಿ ಮೂರು: ಫಿಬುಲಾ

ಕಾಲಿನ ಹೊರಬದಿಯ ಸಣ್ಣ ಮೂಳೆಯನ್ನು ಅದರ ರಕ್ತನಾಳ ಸಮೇತ ತೆಗೆದು ಕೂರಿಸಿ ನಾಳ ಜೋಡಿಸುವುದು. ಸುತ್ತಲಿನ ಜಾಗ ರಕ್ತ ಕಡಿಮೆಯಾಗಿ ಕೆಟ್ಟಿದ್ದರೂ ಇದು ತನ್ನ ರಕ್ತವನ್ನು ತಾನೇ ತರುತ್ತದೆ, ಉದ್ದನೆಯ ಅಂತರಕ್ಕೆ ಅದೇ ಇದರ ಶಕ್ತಿ. ತೆಗೆಯುವಾಗ ಪಾದದ ಕೀಲಿನ ಬಳಿ ಕನಿಷ್ಠ 6 ಸೆಂ.ಮೀ. ಫಿಬುಲಾ ಉಳಿಸಬೇಕು, ಇಲ್ಲವಾದರೆ ಕೀಲು ಸಡಿಲವಾಗುತ್ತದೆ. ಇದು ಟಿಬಿಯಾಕ್ಕಿಂತ ಬಹಳ ತೆಳು. ಭಾರಕ್ಕೆ ದಪ್ಪವಾಗಲು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ, ನಡುವೆ ಸಣ್ಣ ಬಿರುಕು ಬಿಡುವುದು ಅಪರೂಪವಲ್ಲ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ್ದು

ಬೆರಳು ತಣ್ಣಗಾಗಿ ನೀಲಿ ಅಥವಾ ಬಿಳಿಯಾದರೆ. ಪಾದ ಜೋಮು ಹಿಡಿದರೆ, ಹೆಬ್ಬೆರಳು ಮೇಲಕ್ಕೆ ಎತ್ತಲಾಗದಿದ್ದರೆ ನಟ್ ತಿರುಗಿಸುವುದನ್ನು ಆ ಕ್ಷಣವೇ ನಿಲ್ಲಿಸಿ, ನರ ಎಳೆತಕ್ಕೆ ಸಿಕ್ಕಿರಬಹುದು. ಮೀನಖಂಡ ಏಕಾಏಕಿ ಊದಿ ನೋಯತೊಡಗಿದರೆ, ಉಸಿರು ಕಟ್ಟಿದರೆ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು, ಬೆಳಗಾಗಲಿ ಎಂದು ಕಾಯುವಂಥದ್ದಲ್ಲ. 38 ಡಿಗ್ರಿ ದಾಟಿದ ಜ್ವರ, ಹಳೆ ಗಾಯದಿಂದ ಕೀವು, ತಂತಿ ತುಂಡಾದ ಸದ್ದು, ಇವೂ ಅದೇ ದಿನ ತೋರಿಸಬೇಕಾದವು.

ಹಂತ 5: ಉಂಗುರ ಬಿಚ್ಚುವುದು

ಮುಂದಿನಿಂದ ಒಂದು, ಪಕ್ಕದಿಂದ ಒಂದು ಎಕ್ಸ್-ರೇ ತೆಗೆದರೆ ಹೊಸ ಮೂಳೆಯ ನಾಲ್ಕು ಅಂಚುಗಳು ಕಾಣುತ್ತವೆ. ಅವುಗಳಲ್ಲಿ ಮೂರಾದರೂ ಒಂದೇ ಗೆರೆಯಾಗಿ, ಬಿಳಿಯಾಗಿ ತುಂಬಿರಬೇಕು. ಆಮೇಲೂ ತಟ್ಟನೆ ಬಿಚ್ಚುವುದಿಲ್ಲ. ರಾಡುಗಳನ್ನು ಸಡಿಲಿಸಿ ಎರಡರಿಂದ ನಾಲ್ಕು ವಾರ ನಡೆಸಿ ನೋಡುತ್ತಾರೆ. ನೋವಿಲ್ಲದೆ ನಡೆದರೆ, ಎಕ್ಸ್-ರೇಯಲ್ಲಿ ಮೂಳೆ ಬಾಗದಿದ್ದರೆ ಮಾತ್ರ ಉಂಗುರ ತೆಗೆಯುವುದು. ಬಿಚ್ಚಿದ ನಂತರದ ಮೊದಲ ವಾರಗಳಲ್ಲೇ ಹೊಸ ಮೂಳೆ ಮತ್ತೆ ಮುರಿಯುವ ಭಯ ಹೆಚ್ಚು. ಆದ್ದರಿಂದ 4ರಿಂದ 6 ವಾರ ಬ್ರೇಸ್ ಹಾಕಿಕೊಂಡು ಊರುಗೋಲಿನಲ್ಲಿ ನಡೆಯಿರಿ. ಎರಡೂ ಕಾಲಿನ ಉದ್ದ ಅಳೆಸಿಕೊಳ್ಳಿ. 2 ಸೆಂ.ಮೀ.ವರೆಗಿನ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ, ಚಪ್ಪಲಿಯ ಅಟ್ಟೆ ಎತ್ತರಿಸಿದರೆ ಸಾಕು.